ಕೆನಡಾ ದೋಸೆಯ ತೂತುಗಳು

ಇವತ್ತು ಬೆಳಗ್ಗೆ ನಮ್ಮನೆಯವರು ಪೇಟೆಗೆ ಹೊರಟು ನಿಂತು, "ಟ್ಯಾಂಕಿಗೆ ನೀರು ಬಿಡಿ" ಅಂದ್ರು. ಮೋಟರ್ ಸ್ವಿಚ್ ಹಾಕಿ, ಕಾಫಿ ಲೋಟ ಹಿಡ್ಕೊಂಡು ಜಗಲೀಲಿ ಕೂತೆ. ಹಳೇ ಕನ್ನಡ ಕಾಮಿಕ್ಸ್ ಏನಾದ್ರೂ ಸಿಗುತ್ತಾ ಅಂತ ಫೋನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿದೆ. ಈ ಫೋನಿನ ಬುದ್ಧಿ ನಿಮಗೆ ಗೊತ್ತಲ್ಲ? ಕನ್ನಡ ಅಂದ್ರೆ ಅದಕ್ಕೆ ಕೆನಡಾ ಅಂತಲೇ ಕೇಳೋದು. (ನೀವೂ ಒಂದ್ಸಲ "ನನಗೆ ಕೆನಡಾ ಸರಾಗವಾಗಿ ಬರುತ್ತೆ" ಅಂತ ಯಾರಿಗೋ ಕಳಿಸಿದ್ರಿ. ಹೋಗ್ಲಿ, ಹೆಸರು ಹೇಳಲ್ಲ.)

ಅಂತೂ ಬಂದದ್ದು ಕೆನಡಾದ ಕಾಮಿಕ್ಸು. ಅದೂ ಎರಡನೇ ಮಹಾಯುದ್ಧದ ಕಾಲದ್ದು. ನಾಲ್ಕು ಪುಟ ನೋಡಿ ಬಿಟ್ಟುಬಿಡೋಣ ಅಂದ್ಕೊಂಡೆ, ಕಾಫಿ ಆರಿ ತಣ್ಣಗಾಯ್ತು. ಎಂತಾ ಕಥೆಗಳು ಮಾರಾಯ್ರೇ! ಎಲ್ಲರ ಮನೆ ದೋಸೆಯೂ ತೂತು ಅನ್ನೋದು ಸರಿಯೇ, ಆದ್ರೆ ಇಲ್ಲಿ ತೂತುಗಳ ಮಧ್ಯೆ ಅಲ್ಲಲ್ಲಿ ಒಂಚೂರು ದೋಸೆ. ತಕ್ಷಣ ನೆನಪಾದದ್ದು ನೀವು.

ಮತ್ತೆ? ತಪ್ಪು ಹುಡುಕೋದ್ರಲ್ಲಿ ನಿಮ್ಮನ್ನ ಮೀರಿಸೋರು ಯಾರಿದ್ದಾರೆ? ಮನೆಮಂದಿಯೆಲ್ಲ ಕಣ್ಣೊರೆಸ್ಕೊಂಡು ಸಿನಿಮಾ ನೋಡ್ತಿದ್ರೆ, ನೀವು ಸೋಫಾದ ಮೂಲೆಯಿಂದ "ಅಲ್ಲ, ಎರಡು ವರ್ಷ ಜೈಲಲ್ಲಿದ್ದೋನಿಗೆ ಇಷ್ಟು ನೀಟಾಗಿ ಕಟಿಂಗ್ ಮಾಡಿದ್ಯಾರು?" ಅಂತ ಕೇಳಿದೋರು. ಮದುವೆ ಊಟದ ಪಾಯಸದಲ್ಲಿ ದ್ರಾಕ್ಷಿ ಎಣಿಸೋರು. ಬನ್ನಿ, ಇವತ್ತು ನಿಮಗೆ ಹಬ್ಬ.

ಮೊದಲನೇ ತೂತು ತೋಡಿದ್ದೇ ಸರ್ಕಾರ. 1940ರ ಡಿಸೆಂಬರ್. ಯುದ್ಧಕ್ಕೆ ಇಳಿದು ವರ್ಷ ದಾಟಿತ್ತು, ಕೈಲಿರೋ ಅಮೆರಿಕನ್ ಡಾಲರ್ ಉಳಿಸ್ಕೋಬೇಕಿತ್ತು. ವಾರ್ ಎಕ್ಸ್‌ಚೇಂಜ್ ಕನ್ಸರ್ವೇಶನ್ ಆಕ್ಟ್ ಅಂತ ಒಂದು ಕಾನೂನು ಮಾಡಿ, ಅಮೆರಿಕದಿಂದ ಬರೋ 'ಅಗತ್ಯವಿಲ್ಲದ' ಸಾಮಾನಿಗೆಲ್ಲ ಬಾಗಿಲು ಹಾಕಿದ್ರು. ಕಾಮಿಕ್ಸೂ ಆ ಪಟ್ಟೀಲಿ. (ಯಾವ ಮಗುವನ್ನ ಕೇಳಿ ಅಗತ್ಯವಿಲ್ಲ ಅಂತ ಬರೆದ್ರೋ!)

ಸೂಪರ್‌ಮ್ಯಾನು ಗಡಿಯಲ್ಲೇ ನಿಂತ. ಆದ್ರೆ ಸೂಪರ್‌ಮ್ಯಾನ್ ಚಿತ್ರ ಬರೆದ ಜೋ ಶುಸ್ಟರ್ ಹುಟ್ಟಿದ್ದೆಲ್ಲಿ? ಟೊರಾಂಟೊದಲ್ಲಿ, 1914ರಲ್ಲಿ. ಕ್ಲಾರ್ಕ್ ಕೆಂಟ್ ಕೆಲಸ ಮಾಡೋ ಪತ್ರಿಕೆಗೆ ಶುರುವಲ್ಲಿ ಇಟ್ಟಿದ್ದ ಹೆಸರು 'ಡೈಲಿ ಸ್ಟಾರ್', ಟೊರಾಂಟೊದ ಪತ್ರಿಕೆ ನೆನೆಸ್ಕೊಂಡು ಇಟ್ಟದ್ದು. ಬಾಣಂತನ ಮಾಡಿದ ಮನೆಯವರೇ ಗೇಟಿಗೆ ಬೀಗ ಹಾಕಿದ ಹಾಗಾಯ್ತು.

ಇತ್ತ ಅಂಗಡಿಗಳಲ್ಲಿ ಕಪಾಟು ಖಾಲಿ, ಮಕ್ಕಳ ಜೇಬಲ್ಲಿ ಹತ್ತು ಸೆಂಟು. 1941ರ ಮಾರ್ಚ್ ಹೊತ್ತಿಗೆ ವ್ಯಾಂಕೂವರಿನ ಮೇಪಲ್ ಲೀಫ್, ಟೊರಾಂಟೊದ ಆಂಗ್ಲೋ-ಅಮೆರಿಕನ್ ಅನ್ನೋ ಪ್ರಕಾಶಕರು ಸ್ವಂತ ಕಾಮಿಕ್ಸ್ ಹಿಡ್ಕೊಂಡು ಅಖಾಡಕ್ಕೆ ಇಳಿದ್ರು. ಅದೇ ವರ್ಷ ಬೆಲ್ ಫೀಚರ್ಸೂ ಸೇರ್ಕೊಂಡಿತು. ಮುಖಪುಟ ಥಳಥಳ ಬಣ್ಣ, ಒಳಗೆ ತಿರುವಿದ್ರೆ ಹೆಚ್ಚಾಗಿ ಕಪ್ಪು ಬಿಳುಪು. ಆಮೇಲೆ ಸಂಗ್ರಹ ಮಾಡೋರು ಇವಕ್ಕೆ 'ಕೆನಡಿಯನ್ ವೈಟ್ಸ್' ಅಂತ್ಲೇ ಹೆಸರಿಟ್ರು. (ಮುಂಭಾಗಕ್ಕೆ ಮಾತ್ರ ಪೇಂಟ್ ಹೊಡೆಸಿ ಹಿತ್ತಲಗೋಡೆ ಹಾಗೇ ಬಿಟ್ಟಿದೀರಲ್ಲ ನೀವು? ಅದೇ ಲೆಕ್ಕ.)

ಸರಿ, ಕೆನಡಾಕ್ಕೇ ಅಂತ ಹೀರೋ ಬೇಕು. ಮೇಪಲ್ ಲೀಫ್‌ನವರ 'ಬೆಟರ್ ಕಾಮಿಕ್ಸ್'ನಲ್ಲಿ ಮೊದಲು ಬಂದೋನು ಐರನ್ ಮ್ಯಾನ್. (ನಿಮ್ಮ ಮಗನ ಟೀ ಶರ್ಟ್ ಮೇಲಿರೋನಲ್ಲ. ಆ ಮಾರ್ವೆಲ್‌ನೋನು ಹುಟ್ಟಿದ್ದು 1963ರಲ್ಲಿ.) ಈ ಕೆನಡಾ ಹೀರೋನ ವಾಸ ಎಲ್ಲಿ? ದಕ್ಷಿಣ ಸಮುದ್ರದಲ್ಲಿ ಮುಳುಗಿಹೋದ ಒಂದು ಪಟ್ಟಣದಲ್ಲಿ! ರೇಷನ್ ಕಾರ್ಡ್ ಒಂದು ಕಡೆ, ಮನೆ ಇನ್ನೊಂದು ಕಡೆ.

ಇವನಾದ್ರೂ ವಾಸಿ. ಆಂಗ್ಲೋ-ಅಮೆರಿಕನ್‌ನವರ ಫ್ರೀಲಾನ್ಸ್ ಅನ್ನೋ ಹೀರೋ ಇದಾನೆ, ಟೆಡ್ ಮೆಕಾಲ್ ಬರೆದದ್ದು, ಎಡ್ ಫರ್ನೆಸ್ ಚಿತ್ರ. ಈ ಅನಾಥ ಮಗು ಬೆಳೆದದ್ದು ಅಂಟಾರ್ಕ್ಟಿಕಾದಲ್ಲಿ. ಅಲ್ಲಿನ ಒಂದು ಕಣಿವೆಯಲ್ಲಿ. ಕಣಿವೆ ತುಂಬಾ ಏನಿದೆ? ಉಷ್ಣವಲಯದ ದಟ್ಟ ಹಸಿರು. ಅಂಟಾರ್ಕ್ಟಿಕಾದಲ್ಲಿ! ಹಿಮದ ಮಧ್ಯೆ ನಮ್ಮ ಆಗುಂಬೆ ಕೂತ ಹಾಗೆ.

ನಗು ಬಂತಲ್ಲ? ನಗಿ, ನಗಿ. ಆದ್ರೆ ಸ್ವಾಮಿ, 'ಲೇಕ್ ವ್ಯೂ' ಅನ್ನೋ ಅಪಾರ್ಟ್‌ಮೆಂಟಲ್ಲಿ ಫ್ಲಾಟ್ ತಗೊಂಡು, ಕೆರೆ ಎಲ್ಲಿ ಅಂತ ಒಂದ್ಸಲಾನೂ ಕೇಳದೆ, ಹತ್ತು ವರ್ಷದಿಂದ ಟ್ಯಾಂಕರ್ ನೀರು ತರಿಸ್ತಿರೋರು ಯಾರು? ಫ್ರೀಲಾನ್ಸ್ ಓದಿದ ಹುಡುಗರಿಗೆ ಹೋದದ್ದು ಹತ್ತು ಸೆಂಟು. ನೀವು ಕಟ್ಟಿದ ಇಎಂಐ ಎಷ್ಟು ಅಂತ ನಾನು ಕೇಳಲ್ಲ.

ಈಗ ಬರ್ತಾಳೆ ನೋಡಿ ನನ್ನ ಮೆಚ್ಚಿನವಳು. ನೆಲ್ವಾನಾ. 1941ರ ಆಗಸ್ಟ್, 'ಟ್ರಯಂಫ್-ಅಡ್ವೆಂಚರ್ ಕಾಮಿಕ್ಸ್'ನ ಮೊದಲ ಸಂಚಿಕೆ, ಏಡ್ರಿಯನ್ ಡಿಂಗಲ್ ಅನ್ನೋ ಕಲಾವಿದನ ಕೈ. ವಂಡರ್ ವುಮನ್ ಬಂದದ್ದು ಇವಳಾದ ಮೇಲೆ. ಅಪ್ಪ ಕೊಲಿಯಾಕ್, ಧ್ರುವಪ್ರಭೆಯ ರಾಜ. ಅಮ್ಮ ನಮ್ಮ ನಿಮ್ಮ ಥರದ ಮನುಷ್ಯಳು. ಉತ್ತರದ ಆಕಾಶದಲ್ಲಿ ಆಡೋ ಬೆಳಕಿನ ಕಿರಣ ಹತ್ಕೊಂಡು ಬೆಳಕಿನ ವೇಗದಲ್ಲೇ ಹೋಗ್ತಾಳೆ. ಕಣ್ಣಿಗೆ ಕಾಣದೇನೂ ಇರಬಲ್ಲಳು. ಅಪ್ಪನ್ನ ಕರೆದ್ರೆ ಲೋಹ ಕರಗಿಸೋ ಕಿರಣ ಬರುತ್ತೆ.

ಇವಳು ಹುಟ್ಟಿದ ಕಥೆ ಇನ್ನೂ ಚೆನ್ನ. 'ಗ್ರೂಪ್ ಆಫ್ ಸೆವೆನ್' ಅಂತ ಕೆನಡಾದ ದೊಡ್ಡ ಚಿತ್ರಕಾರರ ಗುಂಪಿತ್ತು. ಅದ್ರಲ್ಲಿದ್ದ ಫ್ರಾಂಝ್ ಜಾನ್‌ಸ್ಟನ್ ಉತ್ತರಕ್ಕೆ ಹೋಗಿ ಬಂದು, ಅಲ್ಲಿನ ಇನುಯಿಟ್ ಜನರ ಕಥೆ ಹೇಳಿದ್ರು. ಅವರು ಹೇಳಿದ ನೆಲ್ವಾನಾ ಒಬ್ಬಳು ಮುದುಕಿ. ಡಿಂಗಲ್ ಸಾಹೇಬ್ರು ಏನು ಮಾಡಿದ್ರು? ಐವತ್ತು ವರ್ಷ ಇಳಿಸಿ, ಉದ್ದ ಕೂದಲು ಬಿಟ್ಟು, ಮಿನಿ ಸ್ಕರ್ಟ್ ತೊಡಿಸಿದ್ರು.

ಉತ್ತರ ಧ್ರುವದ ಪಕ್ಕ. ಮಿನಿ ಸ್ಕರ್ಟು. ಅಕ್ಕಪಕ್ಕದೋರೆಲ್ಲ ಮೂಗಿನ ತನಕ ತುಪ್ಪಳದ ಕೋಟಲ್ಲಿ, ಇವಳು ಬರೀ ತೊಡೆ ತೋರಿಸ್ಕೊಂಡು ಹಿಮಗಡ್ಡೆ ಮೇಲೆ ನಿಂತಿದಾಳೆ. "ಚಳಿ ಆಗಲ್ವಾ?" ಅಂತ ತಾನೇ ನಿಮ್ಮ ಪ್ರಶ್ನೆ? ದೇವರ ಮಗಳು, ಆಗಲ್ಲ ಅನ್ನೋಣ. ಆದ್ರೆ ನಿಮ್ಮ ಮಗನ ಮದುವೆ ಏಪ್ರಿಲ್ ತಿಂಗಳ ಹನ್ನೆರಡು ಗಂಟೆ ಮುಹೂರ್ತಕ್ಕಿತ್ತು. ತಗಡಿನ ಮಾಡಿನ ಛತ್ರ. ಕರೆಂಟಿಲ್ಲ. ಅವನಿಗೆ ಮೂರು ತುಂಡಿನ ಸೂಟು ಹಾಕ್ಸಿ, ಟೈ ಬಿಗಿಸಿ, ಮೇಲೊಂದು ಶಾಲು ಹೊದಿಸಿ ನಿಲ್ಲಿಸಿದ್ದು ಯಾವ ದೇವರ ಮಗ ಅಂತ?

ಇನ್ನು ಇವಳ ಗುಪ್ತಚರ ಕೆಲಸ. ಕೆಲವು ಸಂಚಿಕೆ ಕಳೆದ ಮೇಲೆ ನೆಲ್ವಾನಾ ದಕ್ಷಿಣಕ್ಕೆ ಇಳಿದು, ಒಂಟಾರಿಯೊದ ನಾರ್ಟನ್‌ವಿಲ್ ಅನ್ನೋ ಊರಲ್ಲಿ ಮಾಮೂಲಿ ಹೆಂಗಸಿನ ವೇಷ ಹಾಕ್ತಾಳೆ. ಗುಟ್ಟಾಗಿರಬೇಕು, ಯಾರಿಗೂ ಸುಳಿವು ಸಿಗಬಾರದು. ಹಾಗಾಗಿ ಹೊಸ ಹೆಸರು ಇಟ್ಕೋತಾಳೆ. ಏನು ಹೆಸರು? ಅಲಾನಾ ನಾರ್ತ್.

ನಾರ್ತ್! ಉತ್ತರದಿಂದ ಬಂದೋಳು, ಅಡ್ಡಹೆಸರು ಉತ್ತರ. ಕಳ್ಳ ತನ್ನ ಬೆನ್ನಿಗೆ 'ಕಳ್ಳಪ್ಪ' ಅಂತ ಬೋರ್ಡ್ ನೇತು ಹಾಕ್ಕೊಂಡ ಹಾಗೆ. "ಶತ್ರುಗಳಿಗೆ ಇಷ್ಟೂ ತಲೆ ಓಡ್ಲಿಲ್ವಾ?" ಅಂತೀರಾ? ಹಾಗಾದ್ರೆ ನಿಮ್ಮ ಬ್ಯಾಂಕಿನ ಪಾಸ್‌ವರ್ಡ್ ಹೇಳಲಾ? ಮಗಳ ಹೆಸರು, ಅವಳು ಹುಟ್ಟಿದ ವರ್ಷ, ಕೊನೇಲಿ ಒಂದು ಅಟ್ ಗುರುತು. (ಯಾಕೆ ಬೆವರ್ತಾ ಇದೀರಿ? ಊಹೆ ಮಾಡಿದೆ ಅಷ್ಟೆ.)

ಬೆಳಕಿನ ವೇಗದ ಬಗ್ಗೆ ನೀವು ಚಕಾರ ಎತ್ತೋದೇ ಬೇಡ. ಲುಂಗಿ ಉಟ್ಕೊಂಡು, ಬಾಯಲ್ಲಿ ಬ್ರಷ್ ಕಚ್ಕೊಂಡು, ಫೋನಲ್ಲಿ "ಇಲ್ಲೇ ಸಿಗ್ನಲ್ ಹತ್ರ ಇದೀನಿ, ಐದೇ ನಿಮಿಷ" ಅಂತೀರಲ್ಲ, ಅದೂ ಧ್ರುವಪ್ರಭೆಯ ಮೇಲೆ ಸವಾರಿನೇ. ನೆಲ್ವಾನಾ ಹೇಳಿದ ಹೊತ್ತಿಗೆ ತಲುಪ್ತಿದ್ಲು, ಅದೊಂದೇ ವ್ಯತ್ಯಾಸ.

ಇವಳ ಮೊದಲ ಶತ್ರುಗಳದ್ದೂ ಒಂದು ತಮಾಷೆ ಇದೆ. ನಾತ್ಸಿಗಳ ಜೊತೆ ಕೈ ಜೋಡಿಸಿದ ದುಷ್ಟರ ಗುಂಪು, ಹೆಸರು ಕಬ್ಲುನೆಟ್ಸ್. ಇನುಯಿಟ್ ಭಾಷೇಲಿ ಬಿಳಿಯರಿಗೆ ಅನ್ನೋ ಮಾತಿಂದ ಬಂದ ಹೆಸರದು. ಟೊರಾಂಟೊ, ಹ್ಯಾಮಿಲ್ಟನ್ ಕಡೆಯ ಬಿಳಿ ಮಕ್ಕಳು ಹತ್ತು ಸೆಂಟು ಕೊಟ್ಟು, 'ಬಿಳಿಯರು' ಒದೆ ತಿನ್ನೋದನ್ನ ಓದಿ ಕುಣಿದವು. ಅಷ್ಟೇ ಅಲ್ಲ, ಇನುಯಿಟ್ ಜನರ ಈ ದೇವತೆಯ ಮುಖ ನೋಡಿದ್ರೆ ಸೀದಾ ಟೊರಾಂಟೊದ ಬ್ಯೂಟಿ ಪಾರ್ಲರಿಂದ ಎದ್ದು ಬಂದ ಹಾಗಿದೆ. (ನಮ್ಮ ಕ್ಯಾಲೆಂಡರಿನ ದೇವತೆಗಳ ಮೈಬಣ್ಣದ ಮಾತು ತೆಗೀಬೇಡಿ, ಆ ಪುಟ ಮಗುಚಿ.)

ಆಂಗ್ಲೋ-ಅಮೆರಿಕನ್‌ನವರದ್ದು ಬೇರೆಯದೇ ಜಾಣತನ. ಅಮೆರಿಕದ ಪುಸ್ತಕ ಗಡಿ ದಾಟೋ ಹಾಗಿಲ್ಲ, ಆದ್ರೆ ಸ್ಕ್ರಿಪ್ಟ್ ಕೊಂಡ್ಕೋಬಹುದಲ್ಲ? ಫಾಸೆಟ್ ಕಂಪನಿಯಿಂದ ಕ್ಯಾಪ್ಟನ್ ಮಾರ್ವೆಲ್, ಬುಲೆಟ್‌ಮ್ಯಾನ್ ಕಥೆಗಳನ್ನ ತರಿಸ್ಕೊಂಡು, ಇಲ್ಲಿನ ಕಲಾವಿದರ ಕೈಲಿ ಹೊಸದಾಗಿ ಚಿತ್ರ ಬರೆಸಿ ಅಚ್ಚು ಹಾಕಿದ್ರು. ಕಥೆ ಅದೇ, ಹೊಡೆತ ಅದೇ, ಮೂಗು ಮಾತ್ರ ಬೇರೆ.

ಇದು ನಿಮಗೆ ವಿಚಿತ್ರ ಅನ್ಸಲ್ಲ ಅಂತ ನನಗೊತ್ತು. ಡಬ್ಬಿಂಗ್ ಬೇಡ ಅಂತ ಗಾಂಧಿನಗರ ಬಾಗಿಲು ಹಾಕಿ, ಅದೇ ಕಥೇನ ರೀಮೇಕ್ ಮಾಡಿ ತೋರಿಸ್ತಿದ್ದ ಕಾಲದಲ್ಲಿ ಮೊದಲ ವಾರವೇ ಕ್ಯೂ ನಿಂತೋರು ನೀವು. "ಒರಿಜಿನಲ್ಲೇ ಚೆನ್ನಾಗಿತ್ತು" ಅಂತ ಬೈದದ್ದೂ ನೀವೇ. ಒರಿಜಿನಲ್ ನೋಡಿದ್ರಾ ಅಂದ್ರೆ, "ಯಾರೋ ಹೇಳಿದ್ರು."

ಮಾಂಟ್ರಿಯಲ್‌ನಲ್ಲಿ 'ಕೆನಡಿಯನ್ ಹೀರೋಸ್' ಅಂತ ಒಂದು ಸಂಭಾವಿತ ಪತ್ರಿಕೆ ಇತ್ತು. ಸುಳ್ಳು ಹೀರೋಗಳೇ ಬೇಡ, ಬರೀ ನಿಜ ಅಂತ ಅದರ ಹಟ. ಪ್ರಧಾನಿಗಳು, ಗವರ್ನರ್‌ಗಳು, ಕುದುರೆ ಪೊಲೀಸರ ಜೀವನಚರಿತ್ರೆ. ಎಷ್ಟು ದಿನ? ಕೊನೆಗೆ ಅವರೂ ಕೆನಡಾ ಜ್ಯಾಕ್ ಅಂತ ಒಬ್ಬ ಕಟ್ಟುಕಥೆಯ ಸಾಹಸಿಯನ್ನ ಕರ್ಕೊಂಡು ಬಂದ್ರು. (ಅಣ್ಣನ ಮಗಳ ಬರ್ತ್‌ಡೇಗೆ 'ಮಹಾಪುರುಷರ ಬಾಲ್ಯ' ಪುಸ್ತಕ ಕೊಟ್ಟು, ವರ್ಷ ಬಿಟ್ಟು ಹೋದಾಗ ಅದು ಟೇಬಲ್ ಕಾಲಿನ ಅಡಿ ಇದ್ದದ್ದು ನೋಡಿ ನೀವು ಮುಖ ಊದಿಸ್ಕೊಂಡ್ರಿ.)

ಈಗ ನಿಮ್ಮ ಜಾತಿಯವನೇ ಒಬ್ಬ ಬರ್ತಾನೆ. ತಪ್ಪು ಹುಡುಕೋ ಜಾತಿ. ಲಿಯೋ ಬಾಕ್ಲಿ, ಟೊರಾಂಟೊದ ಹದಿಹರೆಯದ ಹುಡುಗ, ಇನ್ನೂ ಸ್ಕೂಲು ಮುಗಿದಿಲ್ಲ. ಅಂಗಡೀಲಿ ನಿಂತು ಕಾಮಿಕ್ಸ್ ತಿರುವ್ತಾ ಇದ್ದ. ಪಕ್ಕದಲ್ಲಿದ್ದೋರು "ಹೇಗಿದೆಯಪ್ಪಾ?" ಅಂದ್ರು. ಇವನು ಚಿತ್ರ ಸರಿ ಇಲ್ಲ, ಮೈಕಟ್ಟು ಬರೆಯೋಕೇ ಬರಲ್ಲ ಇವರಿಗೆ ಅಂತ ಶುರು ಹಚ್ಚಿದ. ಆ ಪಕ್ಕದವರು ಬೆಲ್ ಫೀಚರ್ಸ್ ಕಡೆಯೋರು.

ನೀವಾಗಿದ್ರೆ ಅಲ್ಲಿಂದ ಮೆಲ್ಲಗೆ ಜಾರ್ಕೋತಿದ್ರಿ. ಅವರು ಬಿಡಲಿಲ್ಲ. "ಹಾಗಾದ್ರೆ ಇಬ್ಬರು ಹೊಡೆದಾಡೋ ಚಿತ್ರ ಬರೆದು ತೋರಿಸು" ಅಂದ್ರು. ತೋರಿಸಿದ. "ಒಂದು ಹೀರೋನ ತಗೊಂಡು ಬಾ" ಅಂದ್ರು. ರಾತ್ರಿ ಕೂತು ಬರೆದು ತಗೊಂಡೋದ. ಹಾಗೆ ಹುಟ್ಟಿದೋನು ಜಾನಿ ಕೆನಕ್, 1942ರ ಫೆಬ್ರವರಿಯ 'ಡೈಮ್ ಕಾಮಿಕ್ಸ್'ನ ಮೊದಲ ಸಂಚಿಕೇಲಿ. (ಕೆನಕ್ ಅನ್ನೋ ಹೆಸರು ಹಳೇ ರಾಜಕೀಯ ವ್ಯಂಗ್ಯಚಿತ್ರದ್ದು. ಮುಖ ಮಾತ್ರ ಬಾಕ್ಲಿದೇ. ಕನ್ನಡಿ ಮುಂದಿಟ್ಕೊಂಡು ಬರೆದ ಹಾಗಿದೆ.) ಪಾಠ ಹೇಳೋ ಮೇಷ್ಟ್ರುಗಳನ್ನೂ ಕಥೆಯೊಳಗೆ ಎಳ್ಕೊಂಡು ಬಂದ ಅಂತಾರೆ. ನೋಟ್ ಬುಕ್ಕಿನ ಕೊನೇ ಪುಟದಲ್ಲಿ ಲೆಕ್ಕದ ಮೇಷ್ಟ್ರಿಗೆ ಕೋಡು ಬರೆದ ನಿಮಗೆ ಸಿಕ್ಕಿದ್ದು ಬೆತ್ತದ ಏಟು. ಅವನಿಗೆ ಸಂಬಳ ಸಿಕ್ತು.

ಜಾನಿಗೆ ಯಾವ ಮಂತ್ರಶಕ್ತಿಯೂ ಇಲ್ಲ. ವಿಮಾನ ಹಾರಿಸ್ತಾನೆ, ಮುಷ್ಟಿ ಬೀಸ್ತಾನೆ, ಅಷ್ಟೆ. ಅಷ್ಟರಲ್ಲೇ ಹಿಟ್ಲರನ ಎದುರಿಗೇ ಹೋಗಿ ನಿಲ್ತಾನೆ. ನಿಂತು? ಬೈದು, ಗುದ್ದಾಡಿ, ತಪ್ಪಿಸ್ಕೊಂಡು ಬರ್ತಾನೆ. ಹಿಟ್ಲರ್ ಹಾಗೇ ಇರ್ತಾನೆ! "ಅಯ್ಯೋ ಪೆದ್ದಾ, ಅಷ್ಟು ಹತ್ತಿರ ಹೋಗಿದ್ದೋನು ಮುಗಿಸಿ ಬರೋದಲ್ವಾ?" ಅಂತ ನೀವು ಸೋಫಾದಿಂದ ಎದ್ದೇಬಿಟ್ರಿ ನೋಡಿ. ನಾನೂ ಜಗಲೀಲಿ ಹಾಗೇ ಎದ್ದಿದ್ದೆ.

ನೆಲ್ವಾನಾಳನ್ನ ತಗೊಳ್ಳಿ. ಉತ್ತರ ಕೆನಡಾದಿಂದ ಬರ್ಲಿನ್ನಿಗೆ ಐದಾರು ಸಾವಿರ ಕಿಲೋಮೀಟರ್. ಬೆಳಕಿನ ವೇಗದಲ್ಲಿ ಹೊರಟ್ರೆ ಸೆಕೆಂಡಿನ ಐವತ್ತರಲ್ಲಿ ಒಂದು ಪಾಲು ಸಾಕು. ಕಾಣದ ಹಾಗೆ ಹೋಗಿ, ಅಪ್ಪನ ಕಿರಣ ಬಿಟ್ಟು, ಟ್ಯಾಂಕುಗಳನ್ನೆಲ್ಲ ಬೆಲ್ಲದ ಪಾಕ ಮಾಡಿ, ಹಾಲು ಉಕ್ಕೋದ್ರೊಳಗೆ ವಾಪಸ್ ಬರಬಹುದು. ಅವಳು ಏನು ಮಾಡ್ತಾಳೆ? ಹಿಮದ ಅಡಿ ಹೆಪ್ಪುಗಟ್ಟಿದ ಗ್ಲೇಸಿಯಾ ಅನ್ನೋ ರಾಜ್ಯಕ್ಕೆ ಇಳಿದು, ಅಲ್ಲಿನ ಜಗಳ ಬಿಡಿಸ್ತಾ ತಿಂಗಳುಗಟ್ಟಲೆ ಕೂರ್ತಾಳೆ. ಮೇಲೆ ಯುದ್ಧ ನಡೀತಾನೇ ಇದೆ.

ಇದೇ ತೂತು ಅಮೆರಿಕದೋರಿಗೂ ಕಾಡಿತ್ತು. ಸೂಪರ್‌ಮ್ಯಾನ್ ಇದ್ದೂ ಯುದ್ಧ ಯಾಕೆ ಮುಗಿದಿಲ್ಲ? ಅವರು 1942ರಲ್ಲಿ ಪತ್ರಿಕೆಯ ಸ್ಟ್ರಿಪ್‌ನಲ್ಲಿ ಒಂದು ತೇಪೆ ಹಾಕಿದ್ರು. ಸೈನ್ಯ ಸೇರೋಕೆ ಹೋದ ಕ್ಲಾರ್ಕ್ ಕೆಂಟ್ ಕಣ್ಣಿನ ಪರೀಕ್ಷೇಲಿ ಫೇಲು! ಎಕ್ಸ್-ರೇ ಕಣ್ಣಲ್ಲವಾ, ಗೋಡೆ ತೂರಿ ಪಕ್ಕದ ರೂಮಿನ ಚಾರ್ಟ್ ಓದಿಬಿಟ್ಟ. (ಈ ನೆಪ ಬರ್ಕೊಳ್ಳಿ. ಮುಂದಿನ ಸಲ ಊರ ದೇವಸ್ಥಾನದ ಕಮಿಟಿಗೆ ಕರೆದಾಗ ಬೇಕಾಗುತ್ತೆ.)

ಕೆನಡಾದೋರು ಆ ತೇಪೆಯನ್ನೂ ಹಾಕಲಿಲ್ಲ. ತೂತು ಹಾಗೇ ಇತ್ತು. ಓದಿದ ಮಕ್ಕಳಲ್ಲಿ ಒಬ್ಬನಾದ್ರೂ "ಜಾನಿ ಯಾಕೆ ಹಿಟ್ಲರನ್ನ ಕೊಲ್ಲಲಿಲ್ಲ?" ಅಂತ ಕೇಳಿರಲ್ವಾ? ಕೇಳಿದ್ರೂ ಉತ್ತರ ಮನೇಲೇ ಇತ್ತು. ಅಡುಗೆಮನೆ ಟೇಬಲ್ ಮೇಲೆ, ಆ ದಿನದ ಪೇಪರಲ್ಲಿ. 1942ರ ಆಗಸ್ಟ್ 19ಕ್ಕೆ ಫ್ರಾನ್ಸಿನ ದಿಯೆಪ್ ದಂಡೆ ಮೇಲೆ ಸುಮಾರು 5,000 ಕೆನಡಾ ಸೈನಿಕರು ಇಳಿದ್ರು. 900ಕ್ಕೂ ಹೆಚ್ಚು ಜನ ಸತ್ರು, ಸುಮಾರು ಎರಡು ಸಾವಿರ ಜನ ಸೆರೆ ಸಿಕ್ಕಿದ್ರು. ಅಣ್ಣ ಹೋಗಿದ್ದಾನೆ, ಕಾಗದ ಬಂದಿಲ್ಲ. ಆ ಮನೇಲಿ ಕೂತ ಹುಡುಗನಿಗೆ ಜಾನಿ ಹಿಟ್ಲರನ್ನ ಕೊಂದೇಬಿಟ್ಟ ಅಂತ ಹೇಳೋದು ಹೇಗೆ? ಮರುದಿನದ ಪೇಪರ್ ಬರುತ್ತಲ್ಲ.

ಹಾಗಾಗಿ ಜಾನಿ ಪ್ರತಿ ಸಂಚಿಕೆಯೂ ಗೆಲ್ಲಬೇಕು, ಯುದ್ಧ ಮಾತ್ರ ಗೆಲ್ಲೋ ಹಾಗಿಲ್ಲ. ನೆಲ್ವಾನಾ ಏನು ಬೇಕಾದ್ರೂ ಮಾಡಬಲ್ಲಳು, ಅದಕ್ಕೇ ಅವಳನ್ನ ನೆಲದಡಿ ಕಳಿಸಬೇಕು. ಎಂತಾ ಇಕ್ಕಟ್ಟು ನೋಡಿ ಬರೆಯೋರಿಗೆ. ನಿಮಗೇನು ಗೊತ್ತಿಲ್ದೆ ಇರೋದಾ? ಆಸ್ಪತ್ರೇಲಿದ್ದ ಅಜ್ಜನ ಬಗ್ಗೆ ಮೊಮ್ಮಗು ಕೇಳಿದಾಗ "ಸೋಮವಾರ ಬರ್ತಾರೆ" ಅಂದ್ರಿ. ಸೋಮವಾರ ಕೇಳಿದಾಗ "ಇನ್ನೊಂದು ಸೋಮವಾರ" ಅಂದ್ರಿ. ಆಗ ನಿಮ್ಮ ಕಥೆಯ ತೂತನ್ನ ಮನೇಲಿ ಯಾರೂ ಎತ್ತಿ ತೋರಿಸಲಿಲ್ಲ.

ನಗೋಕೆ ಆಗದ ಪುಟಗಳೂ ಇವೆ, ಮುಚ್ಚಿಡಲ್ಲ. ಜಪಾನಿಯರು ಅಂದ್ರೆ ಕೋರೆಹಲ್ಲು, ಸೀಳುಗಣ್ಣು, ಹಳದಿ ಅನ್ನೋ ಬೈಗುಳ. ಅದೇ 1942ರಲ್ಲಿ ಬ್ರಿಟಿಷ್ ಕೊಲಂಬಿಯಾದ ಕರಾವಳಿಯಿಂದ 20,000ಕ್ಕೂ ಹೆಚ್ಚು ಜಪಾನೀ ಮೂಲದೋರನ್ನ ಮನೆ, ದೋಣಿ, ಅಂಗಡಿ ಬಿಡಿಸಿ ಒಳನಾಡಿಗೆ ಸಾಗಿಸಿದ್ರು. ಹೆಚ್ಚಿನೋರು ಕೆನಡಾದಲ್ಲೇ ಹುಟ್ಟಿದೋರು. ಈ ಕಥೆಗಳ ದುಷ್ಟರು ಯಾರೂ ಪಕ್ಕದ ಬೀದಿಯ ತರಕಾರಿಯವನ ಹಾಗಿರಲಿಲ್ಲ, ಆದ್ರೂ ಪಕ್ಕದ ಬೀದಿಯೋನೇ ಹೋದ. ನಿಮ್ಮ ವಾಟ್ಸಾಪ್ ಗ್ರೂಪಿನ ಮಾತು ನಾನಿಲ್ಲಿ ಎತ್ತಲ್ಲ. ನೀವೇ ಒಂದ್ಸಲ ತೆಗೆದು ನೋಡಿ.

ಯುದ್ಧ ಮುಗೀತು, ಅಮೆರಿಕದ ಬಣ್ಣದ ಪುಸ್ತಕ ವಾಪಸ್ ಬಂತು, ಒಂದೆರಡು ವರ್ಷದಲ್ಲಿ ಈ ಕೆನಡಾ ಹೀರೋಗಳ ಆಟ ಬಂದ್. ನೆಲ್ವಾನಾ ಕೊನೇ ಸಲ ಕಾಣಿಸ್ಕೊಂಡದ್ದು 1947ರ ಮೇ ತಿಂಗಳಲ್ಲಿ. ಹಿಟ್ಲರಿಗೆ ಹೆದರದೋಳು ನಾಲ್ಕು ಬಣ್ಣದ ಅಚ್ಚಿಗೆ ಸೋತಳು. 1971ರಲ್ಲಿ ಟೊರಾಂಟೊದ ಅನಿಮೇಷನ್ ಸ್ಟುಡಿಯೋ ಒಂದು ಅವಳ ಹೆಸರೇ ಇಟ್ಕೊಂಡಿತು. 1995ರಲ್ಲಿ ಅಂಚೆಯೋರು ಅವಳದ್ದೂ ಜಾನಿಯದ್ದೂ 45 ಸೆಂಟಿನ ಸ್ಟ್ಯಾಂಪ್ ತಂದ್ರು. ಇಡೀ ಪುಸ್ತಕಕ್ಕೆ ಹತ್ತು ಸೆಂಟು, ಬರೀ ಮುಖಕ್ಕೆ ನಲವತ್ತೈದು!

ಉಳಿದಿರೋ ಹಳೇ ಪ್ರತಿಗಳಲ್ಲಿ ಮಕ್ಕಳು ಬಣ್ಣ ತುಂಬಿದ್ದೂ ಇವೆಯಂತೆ. ಒಳಗೆಲ್ಲ ಬಿಳಿ ಜಾಗ ಬಿಟ್ಟಿದ್ರಲ್ಲ, ಇನ್ನೇನು ಮಾಡ್ತವೆ? ಕ್ರೇಯಾನು ತಗೊಂಡು ಗೆರೆ ದಾಟಿಸಿ ತೀಡಿದವು. ಹೀಗೆ ತೀಡಿದ್ರೆ ಬೆಲೆ ಇಳಿಯುತ್ತೆ ಅಂತ ಸಂಗ್ರಹ ಮಾಡೋರಿಗೆ ಸಂಕಟ. ನನಗೇನೋ ಆ ಪ್ರತಿಯೇ ಬೇಕು. (ನಿಮಗೆ ಬೇಡ, ಗೊತ್ತು. ನೀವು ಹೊಸಾ ಸೋಫಾದ ಪ್ಲಾಸ್ಟಿಕ್ ಕವರ್ ತೆಗೆಯದೇ ಕೂತಿರೋರು.)

ಅಂತೂ ಇಷ್ಟು ಹೊತ್ತು ಇನ್ನೊಬ್ಬರ ತೂತು ಎಣಿಸಿದ್ರಿ. ಫ್ರೀಲಾನ್ಸನ ಕಣಿವೆ, ನೆಲ್ವಾನಾಳ ಸ್ಕರ್ಟು, ಜಾನಿಯ ಹಿಟ್ಲರು, ಒಂದೂ ನಿಮ್ಮ ಕಣ್ಣು ತಪ್ಪಲಿಲ್ಲ. ಶಭಾಷ್. ಆದ್ರೆ ಮಾರಾಯ್ರೇ, ಮೊದಲನೇ ಪ್ಯಾರಾದಲ್ಲಿ ನಾನು ಮೋಟರ್ ಹಾಕಿದ್ದು ಓದಿದ್ರಲ್ಲ, ಅದನ್ನ ಆರಿಸಿದ್ದು ಯಾವ ಪ್ಯಾರಾದಲ್ಲಿ? ಒಂದ್ಸಲಾನಾದ್ರೂ ಕೇಳೋದಲ್ವಾ? ಆಗಿನಿಂದ ಮಾಡಿನ ಮೇಲೆ ಏನೋ ಸುರೀತಿದೆ, ಮಳೆ ಇರಬೇಕು ಅಂದ್ಕೊಂಡು ಬರೀತಾ ಕೂತಿದೀನಿ. ಗೇಟಿನ ಹತ್ರ ಆಟೋ ನಿಂತ ಸದ್ದು ಬೇರೆ. ಯಾರಾದ್ರೂ ಕೇಳಿದ್ರೆ, ನಾನು ಇಲ್ಲೇ ಸಿಗ್ನಲ್ ಹತ್ರ ಇದೀನಿ ಅನ್ನಿ.